ತಿಮ್ಮಪ್ಪ ಎಂಬ ಮಲಿಕ್ ಹಸನ್

ಕಲ್ಯಾಣ ಎಂದಕೂಡಲೇ ನಮಗೆ ಬಸವಣ್ಣ ನೆನಪಾಗ್ತಾನೆ. ಆದರೆ ಲೋಕಲ್ ಗಾಡಿ ನಿಲ್ಲುವ ನಮ್ಮ ಈ ಕಲ್ಯಾಣ ಬೇರೆ. 1636ರಲ್ಲಿ ವಿಜಾಪುರದ ಪಾಲಾಗುವ ಮುಂಚೆ ಇದು ಅಹಮದ್‌ನಗರದ ನಿಜಾಮಶಾಹಿಯ ಕೈಲಿತ್ತು. ಆ ವಂಶದ ಮೂಲಪುರುಷ ವಿಜಯನಗರದಿಂದ ಬಂದ ಬ್ರಾಹ್ಮಣ ಹುಡುಗ ಎಂದರೆ ಎಷ್ಟು ಜನ ನಂಬುತ್ತೀರಿ?

ಇದನ್ನು ಬರೆದಿಟ್ಟವನು ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ. ಅವನ ಪ್ರಕಾರ ಹುಡುಗನ ಹೆಸರು ತಿಮ್ಮಪ್ಪ, ತಂದೆ ಭೈರವ. ಮನೆತನದವರು ಗೋದಾವರಿ ಸೀಮೆಯ ಪಾಥ್ರಿಯ ಕುಲಕರ್ಣಿಗಳು, ಅಂದರೆ ಊರಿನ ಲೆಕ್ಕ ಬರೆಯುವವರು (ನಮ್ಮ ಬಿ.ಕಾಂ.ನವರ ಪೂರ್ವಿಕರೆನ್ನಿ!). ಏನೋ ಕಾರಣಕ್ಕೆ ಊರು ಬಿಟ್ಟು ವಿಜಯನಗರ ಸೇರಿದ್ದರು. ಬಹಮನಿ ಅಹಮದ್ ಶಹನ (1422-36) ದಂಡು ಹುಡುಗನನ್ನು ಸೆರೆಹಿಡಿಯಿತು. ಅರಮನೆಯ ಗುಲಾಮನಾಗಿ ಬೆಳೆದ, ಮುಸಲ್ಮಾನನಾದ, ಹಸನ್ ಆದ. ಇದಕ್ಕೆ ಮತಾಂತರ ಅನ್ನೋಕೆ ನನಗೆ ನಾಲಿಗೆ ಹೊರಳೋದಿಲ್ಲ. ಮಗುವನ್ನು ಯಾರು ಕೇಳಿದರು? ರಾಜಕುಮಾರನ ಜೊತೆ ಅರಬ್ಬಿ, ಫಾರಸಿ ಕಲಿತ. ತಂದೆಯ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಅದನ್ನು ಉಚ್ಚರಿಸಲು ರಾಜಕುಮಾರನಿಗೆ ಬಾರದೆ 'ಬಹರಿ' ಆಯಿತಂತೆ.

1481ರಲ್ಲಿ ಮಹಮೂದ್ ಗವಾನನನ್ನು ಕೊಲ್ಲಿಸಿದ ಸಂಚಿನಲ್ಲಿ ಈತನ ಕೈಯೂ ಇತ್ತು. ಆಮೇಲೆ ಈತನೇ ರಾಜ್ಯದ ಸೂತ್ರ ಹಿಡಿದ. 1486ರಲ್ಲಿ ಬೀದರಿನಲ್ಲಿ ತಾನೂ ಕೊಲೆಯಾದ. ಮಗ ಅಹಮದ್ 1490ರಲ್ಲಿ ಸ್ವತಂತ್ರನಾದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊಮ್ಮಗ ಬುರ್ಹಾನನಿಗೆ ಅಜ್ಜನ ಊರು ಬೇಕಾಯಿತು. ಪಾಥ್ರಿ ಆಗ ಬೆರಾರಿನ ಇಮಾದಶಾಹಿಗೆ ಸೇರಿತ್ತು. ಬದಲಿಗೆ ಬೇರೆ ಸೀಮೆ ಕೊಡ್ತೀನಿ ಅಂದ, ಅವರು ಒಪ್ಪಲಿಲ್ಲ. 1518ರಲ್ಲಿ ದಂಡೆತ್ತಿ ಹೋಗಿ ಗೆದ್ದ, ಅಲ್ಲಿನ ಬ್ರಾಹ್ಮಣ ಬಂಧುಗಳಿಗೇ ಅದನ್ನು ಇನಾಂ ಕೊಟ್ಟ. ಸ್ವಾರಸ್ಯ ನೋಡಿ: ಊರು ಬಿಟ್ಟುಕೊಡದ ಆ ಇಮಾದಶಾಹಿಯ ಮೂಲಪುರುಷನೂ ವಿಜಯನಗರದ ಕಡೆಯಿಂದ ಸೆರೆಸಿಕ್ಕಿ ಮುಸಲ್ಮಾನನಾದ ಹಿಂದೂ ಹುಡುಗನೇ.