ಕಾಸಿಮೇಡಿನಿಂದ ಮೈಸೂರಿಗೆ, ಒಂದು ಹಗಲು

ಏಪ್ರಿಲ್ 15 ಬಂತೆಂದರೆ ಚೆನ್ನೈನ ಕಾಸಿಮೇಡಿನ ಬೋಟುಗಳೆಲ್ಲ ದಕ್ಕೆ ಸೇರುತ್ತವೆ. ಪೂರ್ವ ಕರಾವಳಿಯಲ್ಲಿ ಜೂನ್ 14ರ ತನಕ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಸುಕಿನಲ್ಲೇ ಹರಾಜಿನ ಕೂಗಿಗೆ ಏಳುವ ಬೀದಿ ಆಗ ಬಿಸಿಲು ಬರುವವರೆಗೆ ಮಲಗಿರುತ್ತದೆ. ಬಲೆ ಹೊಲಿದು, ಎಂಜಿನ್ ಬಿಚ್ಚಿ ಜೋಡಿಸಿ, ಬಣ್ಣ ಬಳಿದು ಮುಗಿದ ಮೇಲೆ ಜನಕ್ಕೆ ಎಲ್ಲಿಗಾದರೂ ಹೋಗಬೇಕೆನಿಸುತ್ತದೆ. ನಾನು ಬೈಂದೂರು ಕಡೆಯವನು, ಇಲ್ಲಿನ ಐಸ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೆಂಡತಿಯ ತವರು ಮೈಸೂರು. ಹೀಗಾಗಿ ‘ನಿಮ್ಮೂರ ಅರಮನೆ ತೋರಿಸು ತಂಬಿ’ ಎಂಬ ಬೇಡಿಕೆ ಸುತ್ತಿ ಬಳಸಿ ನಮ್ಮ ಮನೆ ಬಾಗಿಲಿಗೇ ಬಂತು.

ಹೊರಟವರು ಎದುರು ಮನೆಯ ತಾತ, ಮೀನು ಮಾರುವ ಅವರ ಮಗಳು (ಬೀದಿಗೆಲ್ಲ ಅವರು ಅಕ್ಕ), ಅಕ್ಕನ ಮಕ್ಕಳು, ಒಂದೇ ಬೋಟಿನ ಕೆಲವು ಹುಡುಗರು, ನಾವಿಬ್ಬರು. ತಾತನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಹಿಡಿಯುತ್ತದೆ. ಒಂದು ದಿನದ ಪ್ರವಾಸದ ವೇಗ ನಿರ್ಧರಿಸುವುದು ವ್ಯಾನಿನ ಚಾಲಕನಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಾನು ಬರೆದ ಪಟ್ಟಿ ಒಂದು ಪುಟ ತುಂಬಿತ್ತು. ಹೆಂಡತಿ ಪೆನ್ನು ತೆಗೆದುಕೊಂಡು ಮೃಗಾಲಯ ಹೊಡೆದಳು. 1892ರಷ್ಟು ಹಳೆಯದು, ಚೆನ್ನಾಗಿದೆ, ಆದರೆ ಮಕ್ಕಳೊಡನೆ ಒಳಹೊಕ್ಕರೆ ಮಧ್ಯಾಹ್ನಕ್ಕೆ ಮೊದಲು ಹೊರಬರುವ ಮಾತಿಲ್ಲ. ಕೆಆರ್‌ಎಸ್ ಬೃಂದಾವನವೂ ಹೋಯಿತು. ಅಲ್ಲಿನ ಕಾರಂಜಿ ಕಾಣುವುದು ಕತ್ತಲಾದ ಮೇಲೆ, ಅರಮನೆಯ ದೀಪ ಹತ್ತುವುದೂ ಆಗಲೇ, ಎರಡರಲ್ಲಿ ಒಂದನ್ನು ಬಿಡಲೇಬೇಕು. ಲಲಿತಮಹಲ್ ಕೂಡ ಹೋಯಿತು. ಉಳಿದದ್ದು ಒಂದು ಬೆಟ್ಟ, ಒಂದು ಅರಮನೆ, ಒಂದು ಮಾರ್ಕೆಟ್ಟು. ದೀಪ ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಹೆಚ್ಚು ಹೊತ್ತು ಉರಿಯುವುದರಿಂದ ಮೇ ತಿಂಗಳ ಒಂದು ಭಾನುವಾರ ಆರಿಸಿದೆವು. ಹೋಗಲಿಕ್ಕೂ ಬರಲಿಕ್ಕೂ ಕಾವೇರಿ ಎಕ್ಸ್‌ಪ್ರೆಸ್: ರಾತ್ರಿ ಮಲಗಿ ಬೆಳಿಗ್ಗೆ ಮೈಸೂರು, ಮತ್ತೆ ರಾತ್ರಿ ಮಲಗಿ ಬೆಳಿಗ್ಗೆ ಚೆನ್ನೈ. ಲಾಡ್ಜಿನ ಖರ್ಚಿಲ್ಲ, ಹಗಲು ಇಡಿಯಾಗಿ ಕೈಯಲ್ಲಿರುತ್ತದೆ.

ಮೈಸೂರು ನೋಡುವುದನ್ನು ನಾವು ಶುರು ಮಾಡಿದ್ದು ಮದರಾಸಿನಲ್ಲೇ. ಸೆಂಟ್ರಲ್‌ಗೆ ಹೋಗುವಾಗ ಹೈಕೋರ್ಟಿನ ಮುಂದೆ ಆಟೊ ನಿಧಾನಿಸಲು ಹೇಳಿ, ಆ ಕೆಂಪು ಗುಮ್ಮಟಗಳನ್ನು ತೋರಿಸಿ, ‘ಇದನ್ನು ಮುಗಿಸಿದವನೇ ಮೈಸೂರು ಅರಮನೆಯನ್ನೂ ಕಟ್ಟಿದ್ದು’ ಎಂದೆ. ಬ್ರಾಸಿಂಗ್ಟನ್ ಹಾಕಿದ ನಕ್ಷೆಯನ್ನು ಹಿಡಿದು 1892ರಲ್ಲಿ ಹೈಕೋರ್ಟನ್ನು ಪೂರ್ತಿಗೊಳಿಸಿದವನು ಹೆನ್ರಿ ಇರ್ವಿನ್. ತಾತ ನಂಬಲಿಲ್ಲ. ಅವರ ಮಟ್ಟಿಗೆ ಹೈಕೋರ್ಟು ಎಂದರೆ ವಕೀಲರಲ್ಲ, ದೀಪ. 1894ರಿಂದ 1977ರವರೆಗೆ ಮದರಾಸಿನ ದೀಪಸ್ತಂಭ ಇದ್ದದ್ದು ಆ ಕಟ್ಟಡದ ಅತಿ ಎತ್ತರದ ಗುಮ್ಮಟದ ಮೇಲೆಯೇ. ಮರೀನಾದಲ್ಲಿ ಹೊಸದು ಬರುವ ತನಕ ತಾತನೂ ಅವರಪ್ಪನೂ ಕಟ್ಟುಮರ ತಿರುಗಿಸುತ್ತಿದ್ದದ್ದು ಆ ಬೆಳಕನ್ನು ನೋಡಿ. ‘ನಮ್ಮ ದೀಪದ ಮನೆ ಕಟ್ಟಿದವನಿಗೆ ರಾಜನ ಮನೆಯಲ್ಲಿ ಏನು ಕೆಲಸ?’ ಎಂದು ರೈಲು ಹತ್ತುವವರೆಗೂ ಗೊಣಗಿದರು. ಆ ಗೊಣಗಾಟ ನನಗೆ ಬೇಕಾಗಿತ್ತು. ಒಂದು ಅನುಮಾನ ಜೊತೆಗಿದ್ದರೆ ನೋಡುವ ಕಣ್ಣು ಚುರುಕಾಗುತ್ತದೆ.

ಬೆಳಗಾಗುವ ಹೊತ್ತಿಗೆ ರೈಲು ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟಿ ಕೋಟೆಯೊಳಗೇ ಹಾದುಹೋಗುತ್ತದೆ. ಇಳಿಯಲು ಸಮಯವಿಲ್ಲದವರು ಕಿಟಕಿ ಬದಿಯ ಸೀಟಿಗಾದರೂ ಜಗಳವಾಡಬೇಕು. ಮಕ್ಕಳನ್ನು ಎಬ್ಬಿಸಿ ಕತೆ ಹೇಳಿದೆ: 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲ ತನಕ ಬಂದು ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡ. 1792ರಲ್ಲಿ ಸೋತ ಟಿಪ್ಪು ತನ್ನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಕಳಿಸಬೇಕಾಯಿತು, ಅವರು ತಿರುಗಿ ಬಂದದ್ದು 1794ರಲ್ಲಿ. ‘ನಮ್ಮೂರಿಗಾ?’ ಎಂದು ಕಿರಿಯವನು ಕಣ್ಣರಳಿಸಿದ. ಬೋಟಿನ ಹುಡುಗರಿಗೆ ಹಿಡಿಸಿದ್ದು ಬೇರೆ ಸಂಗತಿ. ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಜಾಕ್ ಕೊಟ್ಟು ಎತ್ತಿ, ಇಡಿಯಾಗಿ ಆಚೆ ಸರಿಸಿದರಲ್ಲ, ಅದು. ಎಷ್ಟು ಜಾಕ್, ಕೆಳಗೆ ಏನು ಹಾಸಿದ್ದರು, ದಿನಕ್ಕೆ ಎಷ್ಟು ಜರುಗಿತು ಎಂದು ಮೈಸೂರು ಬರುವವರೆಗೆ ಕೇಳಿದರು. ಬೋಟನ್ನು ದಡಕ್ಕೆ ಎಳೆಯುವವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಇಂಥ ಪ್ರಶ್ನೆ!

ಬೆಟ್ಟಕ್ಕೆ ಬಿಸಿಲೇರುವ ಮುಂಚೆ ಹೋಗಿ ಬಂದೆವು. ಹುಡುಗರು ಮೆಟ್ಟಿಲಿಳಿದು ನಂದಿಯ ಹತ್ತಿರ ಸಿಕ್ಕಿದರು, ತಾತ ವ್ಯಾನಿನಲ್ಲೇ ನಂದಿಯ ತನಕ ಬಂದರು. ಅಷ್ಟೇ.

ಅರಮನೆ ಹತ್ತಕ್ಕೆ ತೆರೆಯುತ್ತದೆ. ಬಾಗಿಲು ತೆರೆಯುವ ಮುಂಚೆ ಸಾಲಿನಲ್ಲಿರುವುದು ಬೇಸಿಗೆ ರಜೆಯ ಭಾನುವಾರದಲ್ಲಿ ದೊಡ್ಡ ಉಪಾಯ. ಹನ್ನೊಂದರ ಮೇಲೆ ಬಂದವರು ಮುಂದಿನವರ ಬೆನ್ನು ನೋಡುತ್ತಾ ಸಾಗುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಹೊರಗಿನ ಕಲ್ಲು ಕಾದಿರುತ್ತದೆ, ವಯಸ್ಸಾದವರ ಕಾಲಿಗೆ ಬೆಳಗಿನ ಹೊತ್ತೇ ವಾಸಿ.

ಗೈಡ್‌ಗಳು ರಾಜರ ಹೆಸರುಗಳನ್ನು ಸರಸರ ಹೇಳಿ ಮುಗಿಸುತ್ತಾರೆ. ಈ ಅರಮನೆಯನ್ನು ಕಟ್ಟಿಸಲು ಹೊರಟದ್ದು ಒಬ್ಬ ವಿಧವೆ ಎಂಬುದನ್ನು ಅಕ್ಕನಿಗೆ ಹೇಳಿದವಳು ನನ್ನ ಹೆಂಡತಿ. ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ ರೀಜೆಂಟ್ ಆಗಿ 1902ರವರೆಗೆ ರಾಜ್ಯ ನೋಡಿಕೊಂಡರು. ನಡುವೆ 1897ರಲ್ಲಿ, ರಾಜಕುಮಾರಿಯ ಮದುವೆಯ ಹೊತ್ತಿನಲ್ಲೇ, ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮದರಾಸಿನಿಂದ ಇರ್ವಿನ್‌ನನ್ನು ಕರೆಸಿ ಹೊಸದಕ್ಕೆ ಕೈ ಹಾಕಿದರು, ಮುಗಿದದ್ದು 1912ರಲ್ಲಿ. ಗಂಡ ಕಡಲಿನಿಂದ ಬಾರದಾದ ಮೇಲೆ ತಕ್ಕಡಿ ಹಿಡಿದ ಅಕ್ಕ ಮಹಾರಾಣಿಯ ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ‘ಸಾಲ ಮಾಡಿದರಾ, ಕೈಯಲ್ಲೇ ಇತ್ತಾ?’ ಎಂದು ಕೇಳಿದರು. ನಲವತ್ತೊಂದು ಲಕ್ಷದ ಮೇಲೆ ಖರ್ಚಾಯಿತಂತೆ ಎಂದೆ. ‘ಆ ಕಾಲಕ್ಕೆ!’ ಎಂದು ಗಲ್ಲದ ಮೇಲೆ ಕೈಯಿಟ್ಟರು.

ಕಲ್ಯಾಣ ಮಂಟಪದಲ್ಲಿ ಎಲ್ಲರೂ ಮೇಲಿನ ನವಿಲುಗಾಜಿಗೆ ಕತ್ತೆತ್ತಿದರೆ ನಮ್ಮ ಹುಡುಗರು ಕಂಬಗಳನ್ನು ನೋಡುತ್ತಿದ್ದರು. ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣ ಅದು. ‘ಉಪ್ಪುಗಾಳಿ ಇಲ್ಲದ್ದಕ್ಕೆ ಉಳಿದಿದೆ, ಕಾಸಿಮೇಡಿನಲ್ಲಿ ಇಟ್ಟಿದ್ದರೆ?’ ಎಂದು ಒಬ್ಬ ನಕ್ಕ. ಅಂಬಾರಿಯ ಮುಂದೆ ಚಿನ್ನದ ಬೆಲೆ ಯಾರೂ ಕೇಳಲಿಲ್ಲ. ಸುಮಾರು 750 ಕಿಲೋ ತೂಕ ನಡೆಯುವ ಆನೆಯ ಮೇಲೆ ವಾಲದಂತೆ ಹೇಗೆ ಕಟ್ಟುತ್ತಾರೆ ಎಂಬುದೇ ಅವರ ಚಿಂತೆ. ಕೆಳಗೆ ಗಾದಿ, ನಮ್ದಾ ಹಾಸಿ ಹಗ್ಗದಲ್ಲಿ ಬಿಗಿಯುತ್ತಾರೆ ಎಂದೆ. ‘ಯಾವ ಗಂಟು?’ ಎಂದರು ತಾತ. ಆ ಪ್ರಶ್ನೆಯನ್ನು ನಾನು ಮಾವುತರಿಗೆ ಮೀಸಲಿಟ್ಟಿದ್ದೇನೆ.

ಹೊರಗೆ ಬಂದು ಅಂಗಳದಲ್ಲಿ ನಿಂತಾಗ ತಾತ ಗುಮ್ಮಟಗಳನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದಿದರು. ‘ಹೌದು, ಕೈ ಒಂದೇ. ಆದರೆ ನಮ್ಮದರ ಮೇಲೆ ದೀಪವಿತ್ತು’ ಎಂದರು. ಗೆದ್ದದ್ದು ಯಾರು ಎಂದು ಈಗಲೂ ಗೊತ್ತಾಗಿಲ್ಲ.

ಊಟಕ್ಕೆ ಮೈಸೂರಿನಲ್ಲೇ ಇರುವ ಹೆಂಡತಿ ಕಡೆಯ ಭಾವ ಒಂದು ಮಿಲಿಟರಿ ಹೋಟೆಲ್ ತೋರಿಸಿದ. ಬಂಗುಡೆ ಫ್ರೈ ಬಂತು. ಪಶ್ಚಿಮ ಕರಾವಳಿಯಲ್ಲಿ ನಿಷೇಧ ಶುರುವಾಗುವುದು ಜೂನ್ 1ಕ್ಕೆ, ಹಾಗಾಗಿ ಮೇ ತಿಂಗಳಲ್ಲಿ ಮಂಗಳೂರಿನ ಮೀನು ಮೈಸೂರಿಗೆ ಬರುತ್ತಲೇ ಇರುತ್ತದೆ. ಮೀನುಗಾರರ ಬೀದಿಯಲ್ಲಿ ವಾರಗಟ್ಟಲೆ ಒಣಮೀನು ತಿಂದವರು ಕಡಲಿಲ್ಲದ ಊರಿನಲ್ಲಿ ಹಸಿಮೀನು ತಿಂದರು. ಅಕ್ಕ ಕಿವಿರು ಇದ್ದ ಜಾಗ ಮೂಸಿ, ‘ಐಸಿನಲ್ಲಿ ಎರಡು ದಿನ’ ಎಂದು ತೀರ್ಪು ಕೊಟ್ಟೇ ಕೈ ಹಾಕಿದರು.

ನನ್ನ ಎಣಿಕೆಯಲ್ಲಿ ದಿನದ ಮುಖ್ಯ ಭಾಗ ಅರಮನೆ. ಅಕ್ಕನ ಎಣಿಕೆಯಲ್ಲಿ ದೇವರಾಜ ಮಾರ್ಕೆಟ್ಟು. ನೂರು ವರ್ಷ ದಾಟಿದ, 2016ರಲ್ಲಿ ಒಂದು ಭಾಗ ಕುಸಿದರೂ ವ್ಯಾಪಾರ ಬಿಡದ ಜಾಗ. ಕುಂಕುಮದ ಗೋಪುರಗಳು, ನಂಜನಗೂಡು ರಸಬಾಳೆ, ವೀಳ್ಯದೆಲೆ, ಮೇ ತಿಂಗಳಾದ್ದರಿಂದ ಬುಟ್ಟಿ ತುಂಬ ಮಲ್ಲಿಗೆ. ಹೂವಾಡಗಿತ್ತಿ ಮೊಳ ಹಾಕಿದ ಕೂಡಲೇ ಅಕ್ಕ ತನ್ನ ಮೊಳಕೈ ಪಕ್ಕಕ್ಕಿಟ್ಟು ಅಳೆದರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ತಮಿಳು ಅಷ್ಟಕ್ಕಷ್ಟೇ. ನಾನು ನಡುವೆ ಬಾಯಿ ಹಾಕಲು ಹೋದರೆ ಇಬ್ಬರೂ ಸೇರಿ ನನ್ನನ್ನು ಸುಮ್ಮನಾಗಿಸಿದರು. ಕೊನೆಗೆ ಮೊಳಕ್ಕೆ ನಾಲ್ಕು ಬೆರಳು ಕೊಸರು ಸಿಕ್ಕಿತು. ಪ್ರವಾಸಿ ಪುಸ್ತಕಗಳು ಮಾರ್ಕೆಟ್ಟಿಗೆ ಅರ್ಧ ಗಂಟೆ ಸಾಕು ಎನ್ನುತ್ತವೆ. ವ್ಯಾಪಾರ ಗೊತ್ತಿಲ್ಲದವರು ಬರೆದಿರಬೇಕು.

ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿದವು. ಜನ ಹೋ ಎಂದರು. ತಾತ, ‘ಇಷ್ಟು ದೀಪ ಹಾಕಿಯೂ ದಾರಿ ತೋರಿಸುವುದು ಯಾರಿಗೆ?’ ಎಂದರು. ಏಳೂವರೆಗೆ ಎಲ್ಲರನ್ನೂ ಎಳೆದುಕೊಂಡು ಹೊರಟೆ. ಆ ಜನಜಂಗುಳಿ ಒಮ್ಮೆಲೇ ಹೊರಬಿದ್ದರೆ ಆಟೊ ಸಿಗುವುದಿಲ್ಲ, ರಾತ್ರಿಯ ರೈಲು ಯಾರಿಗೂ ಕಾಯುವುದಿಲ್ಲ.

ಬರುವ ನಿಷೇಧದ ಹೊತ್ತಿಗೆ ಇನ್ನೊಮ್ಮೆ ಹೋಗೋಣ ಎಂದು ಬೀದಿಯಲ್ಲಿ ಮಾತು ನಡೆದಿದೆ. ಅಕ್ಕನ ಷರತ್ತು ಎರಡು: ಬೆಟ್ಟ ಬೇಡ, ಮಾರ್ಕೆಟ್ಟಿಗೆ ಬೆಳಿಗ್ಗೆ ಸಗಟು ಇಳಿಯುವ ಹೊತ್ತಿಗೇ ಹೋಗಬೇಕು. ಹುಡುಗರು ಶ್ರೀರಂಗಪಟ್ಟಣದಲ್ಲಿ ಇಳಿದು ಆ ಸರಿಸಿದ ಕಟ್ಟಡದ ಬುಡ ನೋಡಬೇಕಂತೆ. ಹೆಂಡತಿ ಆಗಲೇ ಪೆನ್ನು ಹುಡುಕುತ್ತಿದ್ದಾಳೆ.