ಸರ್ವರ್ ಅವರದ್ದು, ಮಾತು ನಮ್ಮದು

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸರ್ವರ್ ಕೋಣೆ ಹಿಂದೆ ಎಕ್ಸ್‌ರೇ ಫಿಲ್ಮು ಇಡುತ್ತಿದ್ದ ಉಗ್ರಾಣ. ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಆರು ಸರ್ವರ್‌ಗಳು ರ್‍ಯಾಕ್‌ನಲ್ಲಿ ಕೂತಿದ್ದವು. ಬೇರೆ ಕೆಲಸಕ್ಕೆಂದು ಕೊಂಡು ನಾಲ್ಕು ವರ್ಷ ದುಡಿಸಿದ ಯಂತ್ರಗಳನ್ನು ಆಸ್ಪತ್ರೆಯವರು ಈಗ ಸ್ಕ್ಯಾನ್ ಚಿತ್ರಗಳಿಗೆ ಮೀಸಲಿಟ್ಟಿದ್ದರು. ಅವುಗಳ ಮೇಲೆ ಸ್ಟೋರೇಜ್ ಸಾಫ್ಟ್‌ವೇರ್ ಹಾಕಿಕೊಡುವುದು ನಮ್ಮ ಕೆಲಸ. ಅವರು ಕಳಿಸಿದ್ದ ಪಟ್ಟಿಯ ಪ್ರಕಾರ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲವೂ ಸರಿಯಾಗಿದ್ದವು. ಎರಡು ದಿನದಲ್ಲಿ ಮುಗಿಸಿ, ಸಹಿ ಹಾಕಿಸಿಕೊಂಡು ಹೊರಟೆವು.

ಏಳು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಲ್ಲಿ ಕರೆಂಟು ಹೋಯಿತು. ಜನರೇಟರ್ ಶುರುವಾಗುವ ಮೊದಲೇ ಯುಪಿಎಸ್ ಕೈಕೊಟ್ಟಿತು. ಆರೂ ಸರ್ವರ್‌ಗಳು ಅದೊಂದೇ ಯುಪಿಎಸ್ ಮೇಲಿದ್ದವು.

ನಾವು ಹಾಕಿದ್ದ ಸಾಫ್ಟ್‌ವೇರಿನ ಹೆಸರು ಸೆಫ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ ಸೇಜ್ ವೈಲ್ ಎಂಬವರ ಸಂಶೋಧನೆಯಾಗಿ ಹುಟ್ಟಿ, 2006ರಲ್ಲಿ ಪ್ರಬಂಧವಾಗಿ ಹೊರಬಂದ ಮುಕ್ತ ತಂತ್ರಾಂಶ ಇದು. ದುಬಾರಿ ಸ್ಟೋರೇಜ್ ಪೆಟ್ಟಿಗೆ ಬೇಕಿಲ್ಲ, ಸಾಮಾನ್ಯ ಸರ್ವರ್‌ಗಳನ್ನೇ ಸೇರಿಸಿ ಒಂದು ದೊಡ್ಡ ಕಣಜ ಮಾಡಬಹುದು ಎಂಬುದು ಇದರ ಹಿಂದಿನ ವಿಚಾರ. ಪ್ರತಿ ದತ್ತಾಂಶದ ಮೂರು ಪ್ರತಿಗಳು ಮೂರು ಬೇರೆ ಸರ್ವರ್‌ಗಳಲ್ಲಿರುತ್ತವೆ. ಒಂದು ಡಿಸ್ಕ್ ಸತ್ತರೆ ಉಳಿದೆರಡು ಪ್ರತಿಗಳಿಂದ ಮೂರನೆಯದು ತಾನಾಗಿ ಸಿದ್ಧವಾಗುತ್ತದೆ. ಆಸ್ಪತ್ರೆಯವರಿಗೆ ನಾನು ಇದನ್ನೇ ಹೇಳಿ ಧೈರ್ಯ ಕೊಟ್ಟಿದ್ದೆ.

ಮೂರು ಪ್ರತಿಯೂ ಡಿಸ್ಕ್ ಮೇಲೆ ಇಳಿದ ಮೇಲೆಯೇ ಸೆಫ್ 'ಬರೆದಾಯಿತು' ಎನ್ನುತ್ತದೆ. ಆದರೆ ಪ್ರತಿ ಸರ್ವರ್‌ನಲ್ಲೂ ಸೆಫ್‌ಗೂ ಡಿಸ್ಕ್‌ಗಳಿಗೂ ನಡುವೆ, ಡಿಸ್ಕ್‌ಗಳನ್ನು ನಿಯಂತ್ರಿಸುವ ರೇಡ್ ಕಾರ್ಡ್ ಒಂದಿತ್ತು. ಆ ಕಾರ್ಡ್ ಬಂದದ್ದನ್ನು ಕ್ಯಾಶ್ ಎಂಬ ತನ್ನ ತಾತ್ಕಾಲಿಕ ಮೆಮೊರಿಯಲ್ಲಿ ಹಿಡಿದುಕೊಂಡು, ಡಿಸ್ಕ್‌ಗೆ ಇಳಿಸುವ ಮೊದಲೇ 'ಆಯಿತು' ಎಂದುಬಿಡುತ್ತದೆ. ಕರೆಂಟು ಹೋದಾಗ ಕ್ಯಾಶನ್ನು ಕಾಯಲು ಕಾರ್ಡಿನಲ್ಲೇ ಪುಟ್ಟ ಬ್ಯಾಟರಿ ಇರುತ್ತದೆ. ಆರರಲ್ಲಿ ನಾಲ್ಕು ಬ್ಯಾಟರಿಗಳು ಸತ್ತು ಎಷ್ಟು ಕಾಲವಾಗಿತ್ತೋ. ಬ್ಯಾಟರಿ ಸತ್ತರೆ ಕಾರ್ಡ್ ತಾನಾಗಿ ಕ್ಯಾಶ್ ಬಿಟ್ಟು ನೇರವಾಗಿ ಡಿಸ್ಕ್‌ಗೆ ಬರೆಯಬೇಕು. ಹಿಂದೆ ಯಾರೋ ವೇಗ ಸಾಲದೆಂದು, ಬ್ಯಾಟರಿ ಇಲ್ಲದಿದ್ದರೂ ಕ್ಯಾಶ್ ಬಳಸು ಎಂದು ಸೆಟ್ಟಿಂಗ್ ಬದಲಿಸಿಟ್ಟಿದ್ದರು. ನಾನು ಅದನ್ನು ತೆರೆದು ನೋಡಿರಲಿಲ್ಲ.

ಕರೆಂಟು ಬಂದ ಮೇಲೆ ನಾಲ್ಕು ಸರ್ವರ್‌ಗಳ ಹಲವು ಡಿಸ್ಕ್‌ಗಳು ಏಳಲಿಲ್ಲ. ಮೂರೂ ಪ್ರತಿಗಳು ಅಂಥ ಡಿಸ್ಕ್‌ಗಳಲ್ಲೇ ಇದ್ದ ಚಿತ್ರಗಳು ಓದಲು ಸಿಗದಾದವು. ಹಳೆಯವು ಬ್ಯಾಕಪ್‌ನಿಂದ ಬಂದವು. ಇತ್ತೀಚಿನವನ್ನು ಸ್ಕ್ಯಾನ್ ಯಂತ್ರಗಳಿಂದ ಒಂದೊಂದಾಗಿ ಮತ್ತೆ ಕಳಿಸಿದೆವು. ಎರಡು ಹಗಲು, ಎರಡು ರಾತ್ರಿ ಹಿಡಿಯಿತು. ಹೊರಗಿನ ಬೆಂಚಿನಲ್ಲಿ ಒಬ್ಬ ತಾಯಿ ಮಗನ ಹಳೆಯ ಸ್ಕ್ಯಾನ್‌ಗೆ ಕಾಯುತ್ತ ಕೂತಿದ್ದರು. ಹೊಸದರ ಜೊತೆ ಹೋಲಿಸಿ ನೋಡದೆ ವೈದ್ಯರು ಏನೂ ಹೇಳುವಂತಿರಲಿಲ್ಲ. ಆ ದಿನದಿಂದ ಡೇಟಾ ಎಂಬ ಮಾತು ಕೇಳಿದರೆ ನನಗೆ ಆ ಬೆಂಚು ನೆನಪಾಗುತ್ತದೆ.

ಆಗ ಕಲಿತದ್ದು ಇಷ್ಟು: ಪಟ್ಟಿಯಲ್ಲಿರುವುದು ಕೊಂಡ ದಿನದ ಸರ್ವರ್, ರ್‍ಯಾಕ್‌ನಲ್ಲಿರುವುದು ಇಂದಿನ ಸರ್ವರ್. ಕಣ್ಣಾರೆ ನೋಡಿ ಅಳೆದದ್ದನ್ನು ಮಾತ್ರ ನಂಬಬೇಕು.

ಡಿಸ್ಕ್‌ಗಳ ವಿಷಯದಲ್ಲಿ ಇದನ್ನು ಇನ್ನೊಂದು ಊರಿನಲ್ಲಿ ಮತ್ತೆ ಕಲಿತೆ. ಕೆಲವು ಹಾರ್ಡ್ ಡಿಸ್ಕ್‌ಗಳಲ್ಲಿ ಬರಹದ ಪಟ್ಟಿಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಅಂಚು ಹೊದ್ದಿರುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲಿನವನ್ನೂ ತೆಗೆದು ಮತ್ತೆ ಹೊದಿಸಬೇಕಲ್ಲ, ಇಲ್ಲೂ ಹಾಗೆಯೇ. ದಿನದ ಕೆಲಸದಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದು ಡಿಸ್ಕ್ ಸತ್ತು ಅದರ ಪ್ರತಿಯನ್ನು ಹೊಸದರ ಮೇಲೆ ಸುರಿಯಬೇಕಾದಾಗ ಡಿಸ್ಕ್ ಉಸಿರುಗಟ್ಟುತ್ತದೆ. ಗಂಟೆಗಳಲ್ಲಿ ಮುಗಿಯಬೇಕಾದದ್ದು ದಿನಗಟ್ಟಲೆ ಎಳೆಯುತ್ತದೆ. ಇಂಥ ಡಿಸ್ಕ್‌ಗಳನ್ನು ಹೇಳದೆಯೇ ಮಾರಿದ್ದು 2020ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅಂದಿನಿಂದ ಪ್ರತಿ ಡಿಸ್ಕಿನ ಮಾಡೆಲ್ ಸಂಖ್ಯೆಯನ್ನು ಪೂರ್ತಿ ಓದಿ, ತಯಾರಕರ ವಿವರಪತ್ರದ ಜೊತೆ ತಾಳೆ ನೋಡುತ್ತೇವೆ.

ಡಿಸ್ಕಿನೊಳಗೇ ಇರುವ ಸಾಫ್ಟ್‌ವೇರಿನ, ಅಂದರೆ ಫರ್ಮ್‌ವೇರಿನ ಆವೃತ್ತಿಯನ್ನೂ ಬರೆದುಕೊಳ್ಳುತ್ತೇವೆ. 2019ರಲ್ಲಿ ಕೆಲವು ಮಾದರಿಯ ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ 32,768 ಗಂಟೆ ಓಡಿದ ಕೂಡಲೇ ಸಾಯುತ್ತವೆಂದು ಮಾರಿದ ಕಂಪನಿಯೇ ಎಚ್ಚರಿಸಿತು. ಅಂದರೆ 3 ವರ್ಷ, 270 ದಿನ, 8 ಗಂಟೆ. ಒಂದೇ ದಿನ ಕೊಂಡು ಒಂದೇ ದಿನ ಚಾಲೂ ಮಾಡಿದ್ದರೆ ಅವೆಲ್ಲ ಒಂದೇ ದಿನ ಹೋಗುತ್ತವೆ. ಮೂರು ಪ್ರತಿ ಇಟ್ಟುಕೊಂಡು ಆಗ ಏನು ಮಾಡುವುದು?

ಮೂರನೆಯ ಪಾಠ ಫೋನಿನಲ್ಲಿ ಆಯಿತು. ಗ್ರಾಹಕರೊಬ್ಬರ ಸರ್ವರ್‌ನಲ್ಲಿ ಡಿಸ್ಕ್ ಒಂದು ಕೆಟ್ಟಿತ್ತು. ಬೆಂಗಳೂರಿನಲ್ಲಿ ಕೂತು ಪರದೆ ನೋಡುತ್ತ, ಏಳನೇ ಸ್ಲಾಟ್‌ನದನ್ನು ತೆಗೆಯಿರಿ ಎಂದೆ. ಆ ಕಡೆಯ ಹುಡುಗ ತೆಗೆದ.

"ತಗದೇನ್ರಿ ಸರ್. ಆದ್ರ ಇದರ ಹಸಿರು ಲೈಟ್ ಹತ್ತಿತ್ತಲ್ರಿ?"

ಸಾಫ್ಟ್‌ವೇರ್ ಸೊನ್ನೆಯಿಂದ ಎಣಿಸುತ್ತಿತ್ತು, ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಒಂದರಿಂದ. ಅವನು ಕಿತ್ತದ್ದು ಚೆನ್ನಾಗಿದ್ದ ಡಿಸ್ಕ್. ಕೆಟ್ಟದ್ದು, ಕಿತ್ತದ್ದು ಎರಡೂ ಒಂದೇ ಸರ್ವರ್‌ನಲ್ಲಿದ್ದು, ಉಳಿದ ಪ್ರತಿಗಳು ಬೇರೆ ಸರ್ವರ್‌ಗಳಲ್ಲಿದ್ದುದರಿಂದ ಏನೂ ಕಳೆದುಹೋಗಲಿಲ್ಲ. ತಪ್ಪು ಆ ಹುಡುಗನದಲ್ಲ, ನನ್ನದು. ಅವನು ಕೇಳಿದ ಪ್ರಶ್ನೆಯನ್ನು ಡಿಸ್ಕ್ ತೆಗೆಯಿಸುವ ಮೊದಲು ನಾನು ಕೇಳಬೇಕಿತ್ತು. ಈಗ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಟ್ರೇ ಮೇಲೆ ಅಂಟಿಸುತ್ತೇವೆ. ತೆಗೆಯುವ ಮೊದಲು ಅದರ ದೀಪ ಮಿನುಗಿಸುತ್ತೇವೆ, ಆ ಕಡೆಯವರು ನಾಲ್ಕು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಆಮೇಲೆಯೇ ಕೈ ಹಾಕುವುದು.

ಈಗ ನಮ್ಮ ಮೊದಲ ದಿನ ಪೂರ್ತಿ ತಪಾಸಣೆಗೇ ಹೋಗುತ್ತದೆ. ರೇಡ್ ಕಾರ್ಡ್ ಇದ್ದರೆ ಡಿಸ್ಕ್‌ಗಳು ಸೆಫ್‌ಗೆ ನೇರವಾಗಿ ಕಾಣುವಂತೆ ಮಾಡುತ್ತೇವೆ. ಎಲ್ಲ ಡಿಸ್ಕ್‌ಗಳ ಮೇಲೂ ರಾತ್ರಿಯಿಡೀ ಬರೆದು ಓದಿ, ಉಳಿದವಕ್ಕಿಂತ ನಿಧಾನವಾದದ್ದನ್ನು ಆಗಲೇ ಹೊರಗಿಡುತ್ತೇವೆ. ನೆಟ್‌ವರ್ಕ್‌ನಲ್ಲಿ 9000 ಬೈಟ್‌ನ ದೊಡ್ಡ ಪ್ಯಾಕೆಟ್ ಬಳಸುವುದಾದರೆ 8972 ಬೈಟ್‌ನ ಪಿಂಗ್ ಅನ್ನು ಒಡೆಯದಂತೆ ಪ್ರತಿ ಸರ್ವರ್‌ನಿಂದ ಪ್ರತಿ ಸರ್ವರ್‌ಗೆ ಕಳಿಸುತ್ತೇವೆ. ಸ್ವಿಚ್‌ನ ಒಂದೇ ಒಂದು ಪೋರ್ಟ್ ತಪ್ಪಿದ್ದರೂ ಸಣ್ಣ ಮಾತುಕತೆ ನಡೆದು, ದೊಡ್ಡ ಬರಹಗಳು ಮಾತ್ರ ಕಾರಣ ತಿಳಿಯದೆ ನಿಂತುಬಿಡುತ್ತವೆ. ಗಡಿಯಾರಗಳನ್ನೂ ಹೊಂದಿಸಬೇಕು, ಇಡೀ ಕಣಜದ ಸ್ಥಿತಿಯ ಮೇಲೆ ಕಣ್ಣಿಡುವ ಸೆಫ್‌ನ ಮಾನಿಟರ್‌ಗಳ ನಡುವೆ 0.05 ಸೆಕೆಂಡ್ ವ್ಯತ್ಯಾಸ ಬಂದರೂ ಸೆಫ್ ದೂರುತ್ತದೆ. ಕೊನೆಗೆ, ನಿಜವಾದ ದತ್ತಾಂಶ ಬರುವ ಮೊದಲು, ಬರೆಯುತ್ತಿರುವಾಗಲೇ ಎಲ್ಲ ಸರ್ವರ್‌ಗಳ ಪವರ್ ಕೇಬಲ್ ಕಿತ್ತು ನೋಡುತ್ತೇವೆ. ಗ್ರಾಹಕರ ಮುಂದೆಯೇ.

ಯಂತ್ರಕ್ಕಿಂತ ಕಷ್ಟದ್ದು ಹೊಣೆಯ ಮಾತು. ಕೆಟ್ಟಾಗ ಸರ್ವರ್ ಮಾರಿದವರು ಸಾಫ್ಟ್‌ವೇರಿನತ್ತ ಕೈ ತೋರಿಸುತ್ತಾರೆ, ಸಾಫ್ಟ್‌ವೇರಿನವರು ಸರ್ವರ್‌ನತ್ತ. ನಡುವೆ ಗ್ರಾಹಕರು ಸೊರಗುತ್ತಾರೆ. ಅದಕ್ಕೇ ಮೊದಲ ದಿನವೇ ಒಂದು ಪುಟ ಬರೆಯುತ್ತೇವೆ: ಡಿಸ್ಕ್ ಕೆಟ್ಟರೆ ಬದಲಿಸುವವರು ಯಾರು, ಕಪಾಟಿನಲ್ಲಿ ಹೆಚ್ಚುವರಿ ಎಷ್ಟಿರಬೇಕು, ವಾರಂಟಿ ಎಂದು ಮುಗಿಯುತ್ತದೆ, ಯುಪಿಎಸ್ ಬ್ಯಾಟರಿ ನೋಡುವವರು ಯಾರು, ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು. ತಪಾಸಣೆಯಲ್ಲಿ ಕಂಡ ಕೊರತೆಗಳೂ ಅದೇ ಪುಟದಲ್ಲಿರುತ್ತವೆ. ಈ ಯಂತ್ರ ಈ ಕೆಲಸಕ್ಕೆ ಆಗುವುದಿಲ್ಲ ಎನ್ನಬೇಕಾದಾಗ ಬಾಯಿ ಬಿಟ್ಟು ಹೇಳುತ್ತೇನೆ. ಹಾಗೆ ಹೇಳಿ ಎರಡು ಕೆಲಸ ಕಳೆದುಕೊಂಡಿದ್ದೇನೆ. ಅದಕ್ಕೆ ಬೇಸರವಿಲ್ಲ.

ಸರ್ವರ್ ಕೊಳ್ಳುವ ಅಧಿಕಾರವಿರುವ ಆಸ್ಪತ್ರೆ, ಕಾಲೇಜು, ಸಹಕಾರಿ ಸಂಸ್ಥೆಗಳವರಲ್ಲಿ ನನ್ನದೊಂದು ಕೋರಿಕೆ. ಟೆಂಡರ್ ಕರೆಯುವ ಮೊದಲು ಸಾಫ್ಟ್‌ವೇರ್ ಹಾಕುವವರನ್ನು ಕರೆದು ಒಂದು ಗಂಟೆ ಮಾತಾಡಿ. ಹಳೆಯ ಯಂತ್ರಗಳನ್ನೇ ಬಳಸುವುದಾದರೆ ಅವು ಹಳೆಯವೆಂದು ಹೇಳಿ, ಬ್ಯಾಟರಿಗಳನ್ನು ಬದಲಿಸಿ. ನನ್ನ ಹಾಗೆ ಹಾಕಿಕೊಡುವ ಗೆಳೆಯರೇ, ಸಹಿ ಹಾಕಿಸಿಕೊಳ್ಳುವ ಮೊದಲು ಆ ಕೇಬಲನ್ನು ನಿಮ್ಮ ಕೈಯಾರೆ ಒಮ್ಮೆ ಕಿತ್ತು ನೋಡಿ.