ಓಟದ ಪಥವೂ ದಾರಿಯ ಪಥವೂ

ಕ್ರೀಡಾದಿನದಂದು ಹೊರಪಥದ ಬಾಲಿಕೆಯನ್ನು ಮುಂದೆ ನಿಲ್ಲಿಸಿದುದನ್ನು ಕಂಡು, ಇದು ಪಕ್ಷಪಾತವಲ್ಲವೇ ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದ್ದುಂಟು. ಹಾಗೆ ನಿಲ್ಲಿಸದಿರುವುದೇ ಅನ್ಯಾಯ. ಒಂದು ವರ್ಷ ನಾವೇ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ, ಹೊರಗೆ ಓಡಿದವಳನ್ನು ಎರಡನೆಯವಳೆಂದು ಸಾರಿದೆವು. ಆಕೆ ಮರುಮಾತಾಡಲಿಲ್ಲ, ಆ ಮುಖವನ್ನು ನಾವು ಮರೆತಿಲ್ಲ.

ಕಾರಣವನ್ನು ವಿಚಾರಿಸೋಣ. ಪಥದ ಅಗಲ 1.22 ಮೀಟರು. ನೇರಭಾಗದಲ್ಲಿ ಎಲ್ಲರ ದೂರವೂ ಸಮ. ತಿರುವಿನಲ್ಲಿ ಹೊರಗಿನವಳ ವೃತ್ತ ದೊಡ್ಡದು. ಎರಡು ತಿರುವುಗಳು ಕೂಡಿ ಪೂರ್ಣವೃತ್ತವಾಗುವುದರಿಂದ, ಒಂದು ಸುತ್ತಿಗೆ ಪಥವೊಂದಕ್ಕೆ ಸುಮಾರು 7.66 ಮೀಟರು ಹೆಚ್ಚುತ್ತದೆ. ಒಳ ಅಂಚಿಗೆ ಕಟ್ಟೆಯಿದ್ದರೆ ಎರಡನೆಯ ಪಥಕ್ಕೆ ಮಾತ್ರ 7.04, ಏಕೆಂದರೆ ಮೊದಲನೆಯದನ್ನು ಕಟ್ಟೆಯಿಂದ 30 ಸೆಂಟಿಮೀಟರು, ಉಳಿದವುಗಳನ್ನು ಗೆರೆಯಿಂದ 20 ಸೆಂಟಿಮೀಟರು ಬಿಟ್ಟು ಅಳೆಯುವರು. ಸೋಜಿಗವೇನೆಂದರೆ, ಇದಕ್ಕೆ ಮೈದಾನದ ಗಾತ್ರ ಲೆಕ್ಕಕ್ಕಿಲ್ಲ. 400 ಮೀಟರಿನ ದೊಡ್ಡ ಅಂಗಣವಾಗಲಿ, ಮುಡಬಿಯ ಚಿಕ್ಕ ಬಯಲಾಗಲಿ, ಪಥದ ಅಗಲ ಅಷ್ಟೇ ಇದ್ದರೆ ಹೆಚ್ಚಳವೂ ಅಷ್ಟೇ. ಒಂದೇ ತಿರುವಿನ ಓಟಕ್ಕೆ ಅದರ ಅರ್ಧ.

ಹುಮನಾಬಾದಿನ ಬಳಿ ಹಾಯುವ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿಯೂ ಪಥಗಳುಂಟು. ಅಲ್ಲಿ ಗೆರೆಯಿರುವುದು ದೂರವನ್ನು ಸಮಮಾಡುವುದಕ್ಕಲ್ಲ, ವಾಹನಗಳು ಒಂದಕ್ಕೊಂದು ತಾಗದಿರುವುದಕ್ಕೆ. ನಿಧಾನವಾಗಿ ಹೋಗುವವರು ಎಡಕ್ಕಿರಬೇಕು. ಮುಂದೆ ಹೋಗುವವರು ಹಿಂದೆ ನೋಡಿ, ಸೂಚನೆ ಕೊಟ್ಟು, ಬಲದಿಂದ ಸಾಗಬೇಕು. ಬಿಡಿಗೆರೆಯನ್ನು ಹೀಗೆ ದಾಟಬಹುದು. ಓಟದ ಗೆರೆಗೆ ಆ ರಿಯಾಯಿತಿಯಿಲ್ಲ.

ಈಗ ನಮ್ಮ ಬಯಲಿನಲ್ಲಿ ಹತ್ತನೆಯ ತರಗತಿಯ ಬಾಲಿಕೆಯರೇ ಟೇಪು ಹಿಡಿದು ಸುಣ್ಣದ ಗೆರೆ ಎಳೆಯುತ್ತಾರೆ. ಸಂದೇಹವುಳ್ಳ ಪೋಷಕರು ಓಟಕ್ಕೆ ಮುನ್ನ ಬಂದು ಅಳೆದು ನೋಡಬಹುದು.